ಅಮಾವಾಸ್ಯೆಯಂದು ಮುಚ್ಚದ ಕಿಂಡಿ

ತೆರಕಣಾಂಬಿಯ ಬೆಟ್ಟಯ್ಯನದು ಮಣ್ಣಿನ ಕೆಲಸದಲ್ಲಿ ಪಳಗಿದ ಕೈ. ಗುತ್ತಿಗೆದಾರನೊಬ್ಬನ ಸಂಗಡ ಘಟ್ಟ ಇಳಿದು ಕರಾವಳಿಗೆ ಹೋದವನಿಗೆ ಅಲ್ಲಿಯ ಕಿಂಡಿ ಅಣೆಕಟ್ಟಿನ ಕಾವಲು ದೊರೆಯಿತು. ನದಿಯು ಕಡಲನ್ನು ಸೇರುವ ಮುನ್ನ ಆ ಕಟ್ಟೆಯ ಹಿಂದೆ ನಿಲ್ಲುವ ಸಿಹಿನೀರೇ ಸುತ್ತಣ ಊರುಗಳಿಗೆ ಬೇಸಗೆಯ ಕುಡಿಯುವ ನೀರು. ಮಳೆ ನಿಂತ ಮೇಲೆ ಪ್ರತಿ ಕಿಂಡಿಗೂ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಳಿದು ತುಂಬಬೇಕು. ಇಲ್ಲವಾದರೆ ಉಬ್ಬರದ ಉಪ್ಪುನೀರು ಒಳನುಗ್ಗುತ್ತದೆ.

ಹೆಂಡತಿ ಸೋಮಮ್ಮನೂ ಬಂದು ದಡದ ಕೊಠಡಿಯಲ್ಲಿ ಒಲೆ ಹೂಡಿದಳು. ಅವಳ ಮೂತ್ರಪಿಂಡಗಳು ಸೋತಿದ್ದವು. ಉಪ್ಪು ಮುಟ್ಟಬಾರದೆಂದು ಡಾಕ್ಟರು ವಿಧಿಸಿದ್ದರು. ಬೆಟ್ಟಯ್ಯನೂ ಅಂದಿನಿಂದ ಸಪ್ಪೆ ಸಾರನ್ನೇ ಉಂಡನು.

೨೦೦೪ರ ಪುಷ್ಯ ಮಾಸ. ಒಂದು ಕಿಂಡಿಯ ಹಲಗೆಗಳು ಕೊಳೆತಿದ್ದುದರಿಂದ ಹೊಸವನ್ನು ಇಳಿಸಿದ್ದನು. ಮಣ್ಣು ತುಂಬುವುದೊಂದೇ ಬಾಕಿ. ಮರುದಿನ ಅಮಾವಾಸ್ಯೆ. ಅಂದು ಬೆಳಿಗ್ಗೆ ಬುಟ್ಟಿ ಎತ್ತಿದವನನ್ನು ಸೋಮಮ್ಮ ಬಾಗಿಲಲ್ಲೇ ತಡೆದಳು.

“ಅಮಾಸೆ ದಿವ್ಸ ಮಣ್ಣ ಮುಟ್ಟೀಯಾ? ಮಾದಪ್ಪ ಮೆಚ್ಚಾನಾ? ಬುಡು, ನಾಳ ತುಂಬುದ್ರಾಯ್ತು.”

“ಒಂದೇ ಕಿಂಡಿ ಕಣಮ್ಮಿ.”

“ಒಂದಾದ್ರೇನು, ನನ್ ಮಾತ್ಗ ಬೆಲೆ ಇಲ್ವಾ?”

ಬುಟ್ಟಿ ಕೆಳಗಿಳಿಯಿತು. ನಮ್ಮ ಸೀಮೆಯಲ್ಲಿ ಅಮಾವಾಸ್ಯೆಯಂದು ನೇಗಿಲು ಹೂಡುವುದಿಲ್ಲ. ನೆಲಕ್ಕೂ ಎತ್ತಿಗೂ ಬಿಡುವು ಬೇಕೆಂದ ಹಿರಿಯರ ಕರುಣೆ ದೊಡ್ಡದು. ಆದರೆ ಆ ಹಿರಿಯರು ಕಡಲನ್ನು ಕಂಡವರಲ್ಲ.

ಸುಮ್ಮನೆ ಕುಳಿತವನನ್ನು ಕಂಡು ದೋಣಿಯವನೊಬ್ಬ ಕೂಗಿದನು: “ಹೋಯ್ ಬೆಟ್ಟಯ್ಯ! ಅಮಾಸೆಗೆ ನಿಮ್ಮೂರ ಎತ್ತು ಮಲಗ್ತದೆ, ಸಮುದ್ರ ಮಲಗುದಿಲ್ಲ ಮಾರಾಯ!”

ಗಂಡಹೆಂಡಿರು ನಕ್ಕರು. ಅಮಾವಾಸ್ಯೆ, ಹುಣ್ಣಿಮೆಗಳ ಉಬ್ಬರವೇ ಎಲ್ಲಕ್ಕಿಂತ ಎತ್ತರದ್ದೆಂಬುದು ಆ ವರ್ಷವಷ್ಟೇ ಬಂದಿದ್ದ ಅವರಿಗೆ ತಿಳಿಯದು. ನಡುಹಗಲಿಗೆ ಕಡಲು ಏರಿತು. ಮಣ್ಣಿನ ಆಸರೆಯಿಲ್ಲದ ಹಲಗೆಗಳು ಒಂದೊಂದಾಗಿ ಜರುಗಿದವು. ಬೆಟ್ಟಯ್ಯ ಎದೆಮಟ್ಟ ನೀರಿಗಿಳಿದು ಬುಟ್ಟಿಯ ಮೇಲೆ ಬುಟ್ಟಿ ಮಣ್ಣು ಸುರಿದನು, ಸುರಿದದ್ದೆಲ್ಲ ಕೊಚ್ಚಿಹೋಯಿತು.

ಮರುದಿನ ಕೊಡ ಹಿಡಿದು ಬಂದ ಹೆಂಗಸರು ಒಂದು ಗುಟುಕು ಬಾಯಿಗೆ ಹಾಕಿ ಉಗುಳಿದರು. ಟ್ಯಾಂಕರು ಬರುವವರೆಗೆ ಸೋಮಮ್ಮನ ಗಂಜಿಯೂ ಆ ನೀರಿನದೇ. ಅವಳ ಕಾಲು, ಮುಖ ಬಾತುಕೊಂಡವು. ಮೂತ್ರಪಿಂಡಗಳು ಮೊದಲೇ ಕೈಬಿಟ್ಟಿದ್ದವು, ನೀರೊಂದನ್ನೇ ದೂರಬೇಡಿರೆಂದು ಡಾಕ್ಟರು ಹೇಳಿದರು. ಬೆಟ್ಟಯ್ಯನು ಕೆಲಸ ಬಿಟ್ಟು ಅವಳನ್ನು ತೆರಕಣಾಂಬಿಗೆ, ಅವಳ ತಂಗಿ ಚಿಕ್ಕಮಲ್ಲಮ್ಮನ ಮನೆಗೆ ಕರೆತಂದನು.

ಮೈಯ ಊತಕ್ಕಿಂತ ದೊಡ್ಡ ನೋವು ಅವಳ ಒಳಗಿತ್ತು. “ನಾನ್ ತಡೀದಿದ್ರ ಅಷ್ಟೂರ್ ನೀರು ಕೆಡ್ತಿರ್ನಿಲ್ಲ. ಯಾವ್ ಮೊಕ ಹೊತ್ಕಂಡು ಮಾದಪ್ಪನ ತಾವ್ಕ ಓಗ್ಲಿ?” ಎನ್ನುತ್ತ ಮಾತ್ರೆಯನ್ನೂ ಗಂಜಿಯನ್ನೂ ದೂಡುತ್ತಿದ್ದಳು. ಯಾರ ಸಮಾಧಾನವೂ ತಾಕಲಿಲ್ಲ.

ಒಂದು ಮಧ್ಯಾಹ್ನ ಬೆಟ್ಟಯ್ಯ ಅವಳ ತಲೆದೆಸೆಯಲ್ಲಿ ಕುಳಿತನು.

“ನಿನ್ ಮಾತ್ ಕೇಳಿ ನಿಂತ್ಕಂಡೆ ಅಂದ್ಕಂಡಿದ್ದೀಯಾ? ನಾನ್ಯಾವತ್ತು ನಿನ್ ಮಾತ್ ಕೇಳಿದ್ದೆ, ನೀನೇ ಯೋಳು? ನೀ ಒಳಕ್ಕೋದ್ಮೇಲ ಬುಟ್ಟಿ ತಕ್ಕಂಡು ಓದೆ. ಮರದ್ ನೆಳ್ಳು ತಣ್ಣಗಿತ್ತು, ಒರಗ್ಬುಟ್ಟೆ. ನಿದ್ದ ಬಂದ್ಬುಡ್ತು ಕಣಮ್ಮಿ.”

ಅವಳು ಮೊಣಕೈ ಊರಿ ತಲೆಯೆತ್ತಿದಳು.

“ಥೂ, ಸೋಂಬೇರಿ ಮುಂಡೇದೆ! ಇಷ್ಟ್ ದಿನ ನನ್ನ ನಾನೇ ಬಯ್ಕಂಡು ಸತ್ತೆನಲ್ಲೋ!”

ತಂಗಿಯನ್ನು ಕರೆದು ಅವಳೆದುರಿಗೂ ಬೈದಳು. ಬೈದು ದಣಿದು, ಅರ್ಧ ಲೋಟ ಗಂಜಿ ಬೇಡಿ ಕುಡಿದಳು. ಆ ವಾರದಲ್ಲೇ, ಮಾದಪ್ಪನ ಹೆಸರು ಹೇಳುತ್ತ ಹಗುರಾಗಿ ಕಣ್ಣು ಮುಚ್ಚಿದಳು.

ಸತ್ಯವೇ ದೇವರೆಂದು ಮಠದಲ್ಲಿ ಕುಳಿತು ಜನರಿಗೆ ಸಾರುವ ನನಗೆ, ತನ್ನ ಮುದಿತನದಲ್ಲಿ ಒಮ್ಮೆ ಮಾತ್ರ ಬೆಟ್ಟಯ್ಯ ಇದನ್ನು ಹೇಳಿದನು. ಅವನೂ ಈಗ ಶಿವನ ಪಾದ ಸೇರಿರುವುದರಿಂದ ಬರೆದಿದ್ದೇನೆ. ಆ ನಿದ್ದೆಯ ಸುಳ್ಳನ್ನು ಪಾಪದ ತಕ್ಕಡಿಗೆ ಹಾಕಲು ನನ್ನ ಕೈ ಏಳದು.

ಚಿಕ್ಕಮಲ್ಲಮ್ಮನ ಬಾಯಿಂದ ಹೊರಟ ಮಾತು ಊರೆಲ್ಲ ಸುತ್ತಿತ್ತು. ಬಸ್ಸು ಕಾಯುವವರು ಅವನನ್ನು ಕಂಡರೆ, “ಏನ್ ಬೆಟ್ಟಯ್ಯ, ಇವತ್ತೂ ನಿದ್ದ ಬಂತಾ?” ಎಂದು ಕೆಣಕುತ್ತಿದ್ದರು.

“ಊಂ ಕಣಣ್ಣ, ಬಂದ್ಬುಡ್ತು” ಎಂದು ಅವನು ತಲೆ ತಗ್ಗಿಸಿ ನಡೆಯುತ್ತಿದ್ದನು.