ಎಂಟನೆಯ ಬಟನ್

ಆಫೀಸಿನಲ್ಲಿ ಎಲ್ಲರೂ ಅವನನ್ನು ಬಟನ್ ಸಾಹೇಬ ಎನ್ನುತ್ತಿದ್ದರು. ಹುಟ್ಟುಗುರುಡನಾದ ಅವನ ಕೆಲಸ, ಕಂಪನಿ ಮಾಡುವ ಆ್ಯಪ್‌ಗಳನ್ನು ಕಣ್ಣಿಲ್ಲದವರು ಬಳಸಬಹುದೇ ಎಂದು ಪರೀಕ್ಷಿಸುವುದು. ಪರದೆಯ ಮೇಲೆ ಬೆರಳು ಸರಿಸಿದಂತೆ ಫೋನು ಒಂದೊಂದನ್ನೂ ಓದಿ ಹೇಳುತ್ತದೆ. ಬಟನ್ನಿಗೆ ಹೆಸರು ಕೊಟ್ಟಿದ್ದರೆ ಹೆಸರು, ಇಲ್ಲದಿದ್ದರೆ ಬರೀ ‘ಬಟನ್’. ಹೆಸರು ಬರೆಯಲು ಎರಡು ನಿಮಿಷ ಸಾಕು. ಕಣ್ಣಿದ್ದವರಿಗೆ ಆ ಎರಡು ನಿಮಿಷಕ್ಕೂ ಬರಗಾಲ.

ಆಸ್ಪತ್ರೆಯೊಂದಕ್ಕೆ ಮಾಡಿಕೊಟ್ಟ ಆ್ಯಪ್‌ನಲ್ಲಿ ಆಂಬುಲೆನ್ಸ್ ಕರೆಯುವ ಬಟನ್ನಿಗೇ ಹೆಸರಿರಲಿಲ್ಲ. ಅದರ ಹಿಂದಿನ ರದ್ದು ಮಾಡುವ ಬಟನ್ನಿಗೂ ಇರಲಿಲ್ಲ. ಹೆಸರು ಹಾಕಿ ಎಂದು ನಾಲ್ಕು ತಿಂಗಳು ಬರೆದು ಬರೆದು ಅವನು ಸುಸ್ತಾದ. “ಮುಂದಿನ ಸಲ ನೋಡೋಣ ಸಾಹೇಬ್ರೇ,” ಎಂದು ಮ್ಯಾನೇಜರ್ ಪ್ರತಿ ಸಲ ಮೂಗಿಗೆ ತುಪ್ಪ ಸವರುತ್ತಿದ್ದ.

ಮನೆಯಲ್ಲಿ ಇದ್ದವಳು ಅಕ್ಕ. ಅವಳಿಗೂ ಕಣ್ಣಿಲ್ಲ, ಸಾಲದ್ದಕ್ಕೆ ಹೃದಯದ ಕಾಯಿಲೆ. ಅವಳು ತೋರಿಸುತ್ತಿದ್ದುದೂ ಅದೇ ಆಸ್ಪತ್ರೆಯಲ್ಲಿ. ಆ್ಯಪ್ ಬಂದಮೇಲೆ ಅವರು ಆಂಬುಲೆನ್ಸಿನ ಫೋನ್ ನಂಬರನ್ನೇ ಕಿತ್ತುಹಾಕಿದ್ದರು. ಬೇರೆ ದಾರಿ ಕಾಣದೆ ಅವನು ಅವಳಿಗೆ ಎಣಿಕೆ ಕಲಿಸಿದ.

“ಎಂಟು ಸಲ ಬಲಕ್ಕೆ ಸರಿಸಕ್ಕಾ. ಎಂಟನೇದು ಬಂದ ತಕ್ಷಣ ಎರಡು ಸಲ ತಟ್ಟು.”

“ಎಂಟರ ತನಕ ಎಣಿಸೋದು ನಿನಗೆ ಕಲಿಸಿದ್ದೇ ನಾನು ಕಣೋ,” ಎಂದು ಅವಳು ನಕ್ಕಳು.

ಕೊನೆಗೂ ಆ್ಯಪ್‌ನ ಹೊಸ ಆವೃತ್ತಿ ಬಂತು. ಅವನು ಕೇಳಿದ್ದರಲ್ಲಿ ಒಂದನ್ನು ಮಾತ್ರ ಮಾಡಿದ್ದರು: ಮೇಲ್ಗಡೆ ‘ಸಹಾಯ’ ಎಂಬ ಹೊಸ ಬಟನ್, ಹೆಸರಿನ ಸಮೇತ. ಮ್ಯಾನೇಜರ್ ಎಲ್ಲರೆದುರು ಅವನಿಗೆ ಚಪ್ಪಾಳೆ ಹೊಡೆಸಿದ. ಅವನು ಹಿಗ್ಗಿಹೋದ.

ಮೂರನೇ ದಿನ ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. “ಎದೆ ಹಿಂಡ್ತಿದೆ ಕಣೋ. ಗಾಡಿಗೆ ಒತ್ತಿದೀನಿ, ಇನ್ನೇನು ಬರತ್ತೆ. ನೀನು ಗಾಬರಿ ಬೀಳಬೇಡ.”

ಅವನು ಎದ್ದೆನೋ ಬಿದ್ದೆನೋ ಎಂದು ಮನೆ ಸೇರಿದಾಗ ಅಕ್ಕ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತೇ ಇದ್ದಳು. ಕೈ ತಣ್ಣಗಾಗಿತ್ತು. ಗಾಡಿ ಬಂದೇ ಇರಲಿಲ್ಲ. ಅವಳ ಫೋನೆತ್ತಿ ಎಂಟು ಎಣಿಸಿದ. ‘ಬಟನ್’ ಎಂದಿತು. ಮೇಲೆ ಹೊಸದೊಂದು ಸೇರಿ ಎಲ್ಲವೂ ಒಂದೊಂದು ಸ್ಥಾನ ಸರಿದಿದ್ದವು. ಎಂಟನೆಯ ಜಾಗಕ್ಕೆ ರದ್ದು ಬಂದು ಕೂತಿತ್ತು. ನೋವಿನಲ್ಲಿ ಸರಸರನೆ ಬೆರಳಾಡಿಸಿದವಳಿಗೆ ಆ ಹೊಸ ‘ಸಹಾಯ’ ಕೇಳಿಸಿರಲೂ ಇಲ್ಲ.

ಮರುದಿನ ಮ್ಯಾನೇಜರ್ ಮನೆಗೆ ಬಂದ. ಎರಡೂ ಬಟನ್ನಿಗೆ ಬೆಳಿಗ್ಗೆಯೇ ಹೆಸರು ಹಾಕಿಸಿದ್ದನಂತೆ.

“ನಿಮ್ಮ ತಪ್ಪೇನಿಲ್ಲ ಸಾಹೇಬ್ರೇ. ನೀವು ನಾಲ್ಕು ತಿಂಗಳಿಂದ ಹೇಳ್ತಾನೇ ಇದ್ರಿ.”

“ನಿಮಗೆ ಹೇಳಿದೆ,” ಎಂದ ಅವನು. “ಇನ್ಮೇಲೆ ಒಂಬತ್ತು ಅಂತ ಅಕ್ಕನಿಗೆ ಹೇಳೋದು ಮರೆತೆ.”