ಗಾಳಿಗೊಂದು ಕಾಯ್ದೆ

ನಾನು ಜಗಳಗಂಟಿ ಅಂತ ಊರಿಗೆಲ್ಲ ಗೊತ್ತು. ಮಾತು ಬಲ್ಲವರಿಗೆ ಜಗಳಿಲ್ಲ ಅಂತಾರ. ನನಗ ಮಾತೂ ಬರ್ತಿತ್ತು, ಜಗಳಾನೂ ಬರ್ತಿತ್ತು. ಮದಿವಿಯಾಗಿ ಭೂಸನೂರ ಸಮೀಪದ ಈ ಹಳ್ಳಿಗೆ ಬರೂದ್ರಾಗ ಅತ್ತಿಯವರು ತೀರಿಕೊಂಡಿದ್ರು. ಗಂಡ ಖಜೂರಿ ಮ್ಯಾಲಿಂದ ಸೋಲಾಪುರಕ್ಕ ಲಾರಿ ಹೊಡೀತಿದ್ದ. ಮನಿ, ದನ, ಹೊಲ ಎಲ್ಲಾ ನನ್ನ ಮತ್ತ ಮಾವನವರ ಮ್ಯಾಲೆ. ಹಾದಿ ಕಡಿ ಹೊಲದಾಗ ವರ್ಷಾ ಹಿಂಗಾರಿಗೆ ಕಡ್ಲಿ. ಬಿತ್ತಾಕಿ ನಾನು, ಕಸ ತೆಗ್ಯಾಕಿ ನಾನು, ರಾಶಿ ಆಗೂತನ ಕಾಯಾಕಿ ನಾನು. ನನ್ನ ಹೊಲ ಅಂತ ಯಾರೂ ಬರ್ದು ಕೊಟ್ಟಿರಲಿಲ್ಲ, ಆದ್ರ ನಾ ಹಂಗೇ ತಿಳ್ಕೊಂಡಿದ್ದೆ.

ಆ ಹೊಲದ ಒಂದು ಕಡಿ ಹಾದಿ, ಇನ್ನೊಂದು ಕಡಿ ಬದುವಿಗೆ ಹತ್ತಿಕೊಂಡು ಮಾವನವರ ಕಾಕನ ಮಗ, ವರಸಿಲೆ ತಮ್ಮ, ಅವರ ಹೊಲ. ನನ್ನ ಗಂಡ ಅವರಿಗೆ ಕಾಕಾ ಅಂತಿದ್ದ, ನಾನೂ ಕಾಕಾ ಅಂತಿದ್ದೆ. ಎಂಬತ್ತರ ದಶಕ ಮುಗಿಯಾಕ ಬಂದಾಗ ಅವರು ಬಾವಿ ತೋಡಿಸಿ ಕಬ್ಬು ಹಚ್ಚಿದ್ರು. ಕಬ್ಬಿನ್ಯಾಗ ಕಸ ಎದ್ದಾಗ ಆಳು ಕರೀಲಿಲ್ಲ. ಆಳಂದದಿಂದ ಕಸ ಸಾಯಿಸೂ ಔಷಧ, ನಾವು ಎಣ್ಣಿ ಅಂತೀವಿ, ಅದನ್ನ ತಂದು, ಪಂಪು ಬೆನ್ನಿಗೆ ಕಟ್ಕೊಂಡು ಖುದ್ದು ಹೊಡದ್ರು. ಕಸ ಸಾಯ್ತದ, ಕಬ್ಬು ಸಾಯಂಗಿಲ್ಲ ಅಂತ ಊರೆಲ್ಲ ಹೇಳ್ಕೋತ ಅಡ್ಡಾಡಿದ್ರು. ಖರೇನೇ, ಕಬ್ಬಿನ್ಯಾಗಿನ ಕಸ ಒಣಗಿ ನೆಲಕ್ಕ ಬಿತ್ತು. ಜನ ನೋಡಾಕ ಹೋದ್ರು, ನಾನೂ ಹೋದೆ.

ಎಂಟು ದಿನದಾಗ ನನ್ನ ಕಡ್ಲಿ ಸೊಟ್ಟಗಾಯ್ತು. ಬದುವಿನ ಗುಂಟ ಕುಡಿ ಎಲ್ಲಾ ತಿರುವಿಕೊಂಡು, ಎಲಿ ಮುರುಟಿ, ಹೂವು ಉದುರಿ ಬಿದ್ದವು.

ಮಾವನವರು ಬಂದು ನೋಡಿ, ಸಿಡಿ ರೋಗ ಬಿದ್ದದ, ಅದು ಮಣ್ಣಿನ್ಯಾಗಿಂದ ಬರೂದು ಅಂದ್ರು. ಸಂಜಿಗೆ ಉಣ್ಣೂ ಮುಂದ ಇನ್ನೊಂದು ಮಾತಂದ್ರು: ಈ ಹೊಲಕ್ಕ ಇನ್ನ ಕಡ್ಲಿ ಒಗ್ಗಂಗಿಲ್ಲ, ತಮ್ಮ ತನ್ನ ಬಾವಿ ನೀರು ಕೊಡ್ತೇನಿ ಅಂದಾನ, ಬರೂ ವರ್ಷ ಇಲ್ಲೂ ಕಬ್ಬು ಹಚ್ಚಿಬಿಡೋಣು. ಕಬ್ಬಂದ್ರ ನೀರು ಕಾಕಾಂದು, ಗಾಡಿ ಕಾರ್ಖಾನಿದು, ಕಡಿಯೂ ಮಂದಿ ಹೊರಗಿನವ್ರು. ನನಗ ಆ ಹೊಲದಾಗ ಕಾಲಿಡೂ ಕೆಲಸಾನೇ ಉಳೀತಿರಲಿಲ್ಲ.

ಮರುದಿನ ಬದುವಿನ ಮ್ಯಾಲೆ ಅಡ್ಡಾಡಿದೆ. ಅಲ್ಲಿ ಎದ್ದಿದ್ದ ಉಮ್ಮತ್ತಿ ಗಿಡಾನೂ ಕಡ್ಲಿಯಂಗೇ ಸೊಟ್ಟಾಗಿತ್ತು. ಕಡ್ಲಿ ಸಿಡಿ ಉಮ್ಮತ್ತಿಗ್ಯಾಕ ಬರ್ತದ? ಹಾದಿ ಕಡಿ ಕಡ್ಲಿ ನೋಡಿದ್ರ ಹಸರಗೆ ನಗ್ತಿತ್ತು. ಬದುವಿನ ಕಡಿಂದ ಕಡ್ಲಿದೊಂದು, ಉಮ್ಮತ್ತಿದೊಂದು ಗಿಡ ಕಿತ್ಕೊಂಡು ಸೀದಾ ಗುಡಿ ಕಟ್ಟಿಗೆ ಹೋಗಿ ಹಿರ್ಯಾರ ಮುಂದ ಇಟ್ಟೆ. ಇದು ಕಾಕಾನ ಎಣ್ಣಿ ಗಾಳಿಗೆ ಹಾರಿ ಬಂದದ್ದು ಅಂದೆ. ಕಾಕಾ ಅಲ್ಲೇ ಕುಂತಿದ್ರು, ನಕ್ಕರು.

"ಒಂದು ಹನಿ ಬದು ದಾಟಿಲ್ಲ ತಂಗೀ. ದಾಟಿದ್ರೂ ಏನಾಗಂಗಿಲ್ಲ. ಅದು ಬರೇ ಕಸಕ್ಕ, ಮನಷ್ಯಾಗ ನೀರಿದ್ದಂಗ."

ಹಿರ್ಯಾರೂ ನಕ್ಕರು. ಹೆಣ್ಮಗಳಿಗೆ ಗಾಳಿ ಯಾವ ಕಡಿ ಬೀಸ್ತದ ಅನ್ನೂದು ಯಾಕ ಬೇಕು ಅಂತ ಒಬ್ರಂದ್ರು. ಅಲ್ಲೇ ಕುಂತಿದ್ದ ಮಾವನವರು ತಲಿ ಬಗ್ಗಿಸಿದ್ರು. ನನಗ ಬಂದ ಸಿಟ್ಟಿಗೆ ಅಲ್ಲೇ ಒಂದು ಒಲಿ ಹೂಡಬಹುದಿತ್ತು.

ಆಳಂದದ ಬಸ್ಸು ಹಿಡ್ದು ಕೃಷಿ ಸಾಹೇಬರ ಕಡಿ ಹೋದೆ. ಮನಷ್ಯಾ ಒಳ್ಳೆಯವ್ರು. ಗಿಡ ತಿರುವಿ ನೋಡಿ, ನೀ ಅಂದದ್ದು ಬರೋಬ್ಬರಿ ಅದವ್ವಾ ಅಂದ್ರು. ಗಾಳಿ ಇದ್ದಾಗ ಅದನ್ನ ಹೊಡೀಬಾರದು, ಕಡ್ಲಿ ತೊಗರಿ ಸಮೀಪ ಅಂತೂ ಹೊಡೀಲೇಬಾರದು, ಎಣ್ಣಿ ಬಿದ್ದ ಪಲ್ಲೆ ತಿನ್ನಬಾರದು ಅಂತ ಹೇಳಿದ್ರು. ಹಂಗಾದ್ರ ಬಂದು ಕಾಕಾ ಹೊಡ್ಯೂದು ಬಿಡಸ್ರಿ ಅಂದೆ. ಎಣ್ಣಿ ಯಾರು ಮಾರಬೇಕು, ಹ್ಯಾಂಗ ಮಾರಬೇಕು ಅನ್ನೂದಕ್ಕ ಕಾಯ್ದೆ ಅದ, ಬದುವಿನ ಮ್ಯಾಲಿನ ಗಾಳಿ ನನ್ನ ಕೈಯಾಗಿಲ್ಲ ಅಂತ ಅವರು ಕೈ ಮುಗಿದ್ರು.

ಪಲ್ಲೆ ಮಾತು ತಲ್ಯಾಗ ಇಟ್ಕೊಂಡು ಊರಿಗೆ ಬಂದೆ. ಎಳ್ಳ ಅಮಾಸಿ ಹತ್ತರ ಬಂದಿತ್ತು. ನಮ್ಮ ಕಡಿ ಅಮಾಸಿ ಮುಂದ ಯಾರ ಹೊಲದಾಗರ ಯಾರರ ಉಡಿ ತುಂಬ ಕಡ್ಲಿ ಕುಡಿ ಚೂಟಬಹುದು, ಬ್ಯಾಡ ಅನ್ನೂ ಹಂಗಿಲ್ಲ. ಚೂಟಾಕಿ ಚೂಟ್ತಾ ಹಸೀದೇ ಬಾಯಿಗೆ ಹಾಕ್ಕೋತಾಳ. ಅವತ್ತಿಂದ ದಿನಾ ಬದುವಿನ ಮ್ಯಾಲೆ ಕುಂತು, ಬಂದವರನ್ನೆಲ್ಲ ಇಲ್ಲಿ ಬ್ಯಾಡ, ಹಾದಿ ಕಡಿ ಚೂಟ್ರಿ ಅಂತ ಅಟ್ಟಿದೆ. ಜೀನ ಆಗ್ಯಾಳ ಅಂತ ಬೈಸಿಕೊಂಡೆ. ಬೈಲಿ ಬಿಡು ಅಂದೆ.

ಅಮಾಸಿ ದಿನ ಗಾಡಿ ಕಟ್ಟಿ ಹೊಲಕ್ಕ ಹೋದ್ವಿ. ಐದು ಕಲ್ಲಿಟ್ಟು ಪೂಜಿ ಮಾಡಿ, ಮಾವನವರು ಭೂಮಿತಾಯಿಗೆ ಅಂತ ಮಾಡಿದ ಅಡಿಗಿ ಹೊಲದ ತುಂಬ ಎರಚಿ ಚರಗ ಚೆಲ್ಲಿ ಬಂದ್ರು. ಬದುವಿನವರನ್ನ ಕರೀದೆ ಅವತ್ತು ಉಣ್ಣೂ ಪದ್ಧತಿ ಇಲ್ಲ. ಅದಕ್ಕ ನಾನೇ ಹೋಗಿ ಕಾಕಾಗ ಬರ್ರಿ ಉಣ್ಣಾಕ ಅಂದೆ. ಕರೀಬೇಕಾದ್ರ ಹಲ್ಲು ಕಡೀತಿದ್ದೆ, ಆದ್ರ ಕರದೆ. ಅಕ್ಕಪಕ್ಕದ ಹೊಲದವ್ರೂ, ಗುಡಿ ಕಟ್ಟಿ ಹಿರ್ಯಾರೂ ಬಂದು ಸಾಲಾಗಿ ಕುಂತ್ರು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗಿ ಬಡಸಿದೆ. ಆಮ್ಯಾಲೆ ಕಡ್ಲಿ ಕುಡಿ, ಹಸಿ ತೊಗರಿ ಕಾಳು ಹಾಕಿ ಕುದಿಸಿದ ಭಜ್ಜಿ. ಅವತ್ತಿನ ಊಟದಾಗ ಭಜ್ಜಿದೇ ರಾಜ್ಯ.

ಎಲ್ಲಾರೂ ಸುರುದು ಉಂಡ್ರು. ಕಾಕಾ ರೊಟ್ಟಿ ತಿಂದ್ರು, ಹಿಂಡಿ ತಿಂದ್ರು, ಹೋಳಿಗಿ ತಿಂದ್ರು. ಭಜ್ಜಿಗೆ ಮಾತ್ರ ಬಟ್ಟು ಮುಟ್ಟಿಸಲಿಲ್ಲ. ನಾ ಎರಡನೇ ಸರ್ತಿ ಬಡಸಾಕ ಬಂದಾಗ ಸಣ್ಣ ದನಿ ತೆಗ್ದು ಕೇಳಿದ್ರು.

"ಈ ಕುಡಿ ಯಾವ ಕಡಿಂದ ಚೂಟಿದ್ದು, ತಂಗೀ?"

ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಇಲ್ಲಿ ಕಳ್ಳ ಅಂತ ನಾ ಬಾಯೇ ಬಿಟ್ಟಿರಲಿಲ್ಲ. ಎಳ್ಳ ಅಮಾಸಿ ಊಟದಾಗ ಪಲ್ಲೆ ಎಲ್ಲಿದು ಅಂತ ನಮ್ಮ ಸೀಮ್ಯಾಗ ಯಾರೂ ಕೇಳಿದ್ದಿಲ್ಲ. ಸಾಲಿನ್ಯಾಗ ಎಲ್ಲಾರ ಕೈ ನಿಂತ್ವು. ನಾ ಜಗಳಾಡಬೇಕಂತ ವಾರಗಟ್ಲೆ ಮಾತು ಕೂಡಿಸಿಟ್ಟಿದ್ದೆ, ಒಂದೂ ಬೇಕಾಗಲಿಲ್ಲ.

"ಯಾವ ಕಡಿದಾದ್ರೇನ್ರಿ ಕಾಕಾ," ಅಂದೆ. "ನೀರಿದ್ದಂಗ ಅಂದಿದ್ರಲ್ಲ."

ಮಾವನವರು ತುತ್ತು ಕೆಳಗಿಟ್ರು. ಜನ್ಮದಾಗ ತಮ್ಮಗ ಎದುರು ಮಾತಾಡದವ್ರು, ಅವತ್ತು ಅವರ ಮುಖ ನೋಡಿ, ಗಾಳಿ ಇತ್ತೋ ಇಲ್ಲೋ ಹೇಳು ಅಂದ್ರು. ಕಾಕಾ ಗಂಗಾಳ ಮುಂದಕ್ಕ ಸರಿಸಿ, ಗಾಳಿ ಇತ್ತಣ್ಣಾ, ಹಾರಿದ್ದು ಕಣ್ಣಿಗೆ ಕಂಡಿತ್ತು ಅಂದ್ರು. ನನಗ ಖುಷಿ ಆಯ್ತು, ಸುಳ್ಳ್ಯಾಕ ಹೇಳ್ಲಿ, ಎದಿ ತುಂಬಿ ಕುಣೀಬೇಕನಿಸ್ತು. ಅವರ ಗಂಗಾಳದಾಗಿನ ಭಜ್ಜಿ ಒಂದು ತುತ್ತು ನಾನೇ ತಗೊಂಡು ಎಲ್ಲಾರ ಮುಂದ ಉಂಡೆ. ಇದು ಹಾದಿ ಕಡಿದು, ಉಣ್ರಿ, ನಾವು ಬದುವಿನವ್ರಿಗೆ ವಿಷ ಬಡಸೂ ಮಂದಿ ಅಲ್ಲ ಅಂದೆ. ಕಾಕಾ ತಲಿ ಎತ್ತಲಾರದೆ ಉಂಡ್ರು.

ಕೈ ತೊಳ್ಯೂ ಮೊದಲ ಅಲ್ಲೇ ಮಾತಾಯ್ತು. ಗಾಳಿ ಇದ್ದಾಗ ಎಣ್ಣಿ ಹೊಡ್ಯಾಂಗಿಲ್ಲ; ಹೊಡ್ಯೂ ಮೊದಲ ಬದುವಿನವ್ರಿಗೆ ಕೇಳಬೇಕು. ಬದುವಿನ ಗುಂಟ ಕುರ್ಪಿ ಹಿಡ್ದೇ ಕಸ ತೆಗೀಬೇಕು, ದನ ನೀರು ಕುಡ್ಯೂ ಹಳ್ಳದಾಗ ಪಂಪು ತೊಳ್ಯಾಂಗಿಲ್ಲ. ಕಟ್ಟಿ ಮ್ಯಾಲೆ ನಕ್ಕವ್ರೇ ಹೌದೌದು ಅಂದ್ರು. ಸುದ್ದಿ ಕೇಳಿ ಕೃಷಿ ಸಾಹೇಬರು ಒಂದಿನ ಬಂದು ಹೊಲ ನೋಡಿ, ನಿಮ್ಮ ಕಾಯ್ದೆ ನಾ ನರೋಣಾ ಕಡಿ ಹಳ್ಳ್ಯಾಗೂ ಹೇಳ್ತೇನಿ ಅಂದ್ರು. ಮಾವನವರು ಕಬ್ಬಿನ ಮಾತು ಮತ್ತ ತೆಗೀಲಿಲ್ಲ. ಹಿಂಗಾರಿ ಬಂದಾಗ ಕೂರಿಗಿ ಹೂಡಿ, ಕಡ್ಲಿ ಬೀಜದ ಉಡಿ ಕಟ್ಕೋ ಬಾ ಅಂತ ನನ್ನ ಕರದ್ರು.

ಆ ವರ್ಷ ಕಡ್ಲಿ ಮೊಣಕಾಲ ಮಟ ಎದ್ದಿತ್ತು. ಒಂದು ಮುಂಜಾನಿ ಕಾಕಾ ಪಂಪು ಬೆನ್ನಿಗೇರಿಸ್ಕೊಂಡು ಬದುವಿನ ತನಕ ಬಂದು ನಿಂತ್ರು. ದಾಟಲಿಲ್ಲ.

"ತಂಗೀ, ಇವತ್ತ ಹೊಡೀಲ್ಯಾ?"

ಒಂದು ಹಿಡಿ ಮಣ್ಣು ತಗೊಂಡು ಮ್ಯಾಲೆ ತೂರಿದೆ. ಧೂಳು ನನ್ನ ಕಡ್ಲಿ ಮ್ಯಾಲೇ ಬಂತು.

"ಇವತ್ತ ಬ್ಯಾಡ್ರಿ ಕಾಕಾ," ಅಂದೆ.

ಅವರು ಪಂಪು ಹೊತ್ಕೊಂಡು ಮನಿ ಕಡಿ ನಡದ್ರು.