ಅಮಾವಾಸ್ಯೆಯ ರಜೆ

ಮೈಸೂರಿನ ಅಗ್ರಹಾರದಲ್ಲಿ ಬ್ಲೌಸ್ ಹೊಲಿಯುವ ವನಜಾಕ್ಷಮ್ಮನ ಕೈ ಎಷ್ಟು ಅಚ್ಚುಕಟ್ಟೋ ಬಾಯಿ ಅಷ್ಟೇ ಜೋರು. ಅಳತೆ ಕೊಡುವಾಗ ಯಾರಾದರೂ ಉಸಿರು ಬಿಗಿಹಿಡಿದರೆ, "ಹೊಟ್ಟೆ ಒಳಗೆಳ್ಕೊಂಡು ನನಗ್ಯಾಕ್ರೀ ಮೋಸ ಮಾಡ್ತೀರಾ? ಮದುವೆ ಮನೇಲಿ ಊಟ ಮಾಡಲ್ವಾ?" ಎಂದು ಕೇಳುವ ಹೆಂಗಸು. ಗಿರಾಕಿಗಳು ನಕ್ಕು ಮನೆಗೆ ಹೋಗುತ್ತಿದ್ದರು. ಸೊಸೆ ಸಿಂಚನಾ ಮಾತ್ರ ಎಲ್ಲಿಗೂ ಹೋಗುವಂತಿರಲಿಲ್ಲ.

ವನಜಾಕ್ಷಮ್ಮನ ಬಿ.ಪಿ. ಏರಿದಾಗ ಡಾಕ್ಟರು ಯೋಗ ಮಾಡಿ ಎಂದರು. ಹಿಂದಿನ ಬೀದಿಯಲ್ಲೇ ತಿರುಮಲೇಶ ಮೇಷ್ಟ್ರ ಯೋಗಶಾಲೆ. ಅಲ್ಲಿ ಒಂದು ಚಲನೆಗೆ ಒಂದು ಉಸಿರು, ಒಂದು ಆಸನದಿಂದ ಇನ್ನೊಂದಕ್ಕೆ ಹರಿಯುತ್ತಾ ಹೋಗಬೇಕು. ಮೇಷ್ಟ್ರು ಸಾಕು ಎಂದ ಆಸನದಲ್ಲೇ ನಿಲ್ಲಬೇಕು, ಮುಂದಿನದು ಅವರು ಕೊಟ್ಟಾಗಲೇ. ವನಜಾಕ್ಷಮ್ಮ ಸೊಂಟ ತಿರುಚಿ ಕೂರುವ ಮರೀಚ್ಯಾಸನಕ್ಕೆ ಬಂದವರು ಅಲ್ಲಿಂದ ಕದಲಲೇ ಇಲ್ಲ.

"ಬೆನ್ನ ಹಿಂದೆ ಕೈಗೆ ಕೈ ಸಿಕ್ತಲ್ಲ ಮೇಷ್ಟ್ರೇ, ಇನ್ನೇನು?"

"ಕೈ ಸಿಕ್ತು ತಾಯಿ. ಉಸಿರು ಕಟ್ಕೊಂಡು ಕೂತಿದೀರಲ್ಲ. ಬಿಡಿ."

ಆದರೂ ಬೆಳಗ್ಗೆ ಬೆವರಿ ಬಂದ ದಿನ ಆಕೆಯ ದನಿ ಅರ್ಧ ಇಳಿದಿರುತ್ತಿತ್ತು. ತೊಂದರೆಯೆಲ್ಲ ಹುಣ್ಣಿಮೆ, ಅಮಾವಾಸ್ಯೆಗೆ. ಆ ದಿನಗಳಲ್ಲಿ ಶಾಲೆಗೆ ರಜೆ, ಅದು ಹಿಂದಿನಿಂದ ಬಂದ ಪದ್ಧತಿ. "ರಜಾ ಯೋಗಕ್ಕೆ, ಅಮ್ಮನ ಬಾಯಿಗಲ್ಲ" ಎಂದು ಮಗ ಪ್ರಸಾದ ಕ್ಯಾಲೆಂಡರ್ ನೋಡಿ ಬೇಗ ಕೆಲಸಕ್ಕೆ ಹೊರಟುಬಿಡುತ್ತಿದ್ದ. ಹೆಂಡತಿಯನ್ನು ಬಿಟ್ಟು ಹೊರಡುತ್ತಿದ್ದ, ಪುಣ್ಯಾತ್ಮ!

ಕಳೆದ ಹುಣ್ಣಿಮೆಯಂದು ಸಾರಿನ ಉಪ್ಪಿನಿಂದ ಶುರುವಾದ ಬೈಗುಳ ಸೊಸೆಯ ತವರಿನವರೆಗೂ ಹೋಯಿತು. ಸಂಜೆ ಗಂಡ ಬಂದಾಗ ಸಿಂಚನಾ ಕಣ್ಣೊರೆಸಿಕೊಂಡು ಅತ್ತೆಯ ಎದುರೇ ಅವನಿಗೆ ಹೇಳಿದಳು: "ಇನ್ನೊಂದ್ಸಲ ಹೀಗಾದ್ರೆ ಬೇರೆ ಮನೆ ಮಾಡೋಣ. ನಾನಂತೂ ಇಲ್ಲಿರಲ್ಲ."

"ಹೋಗೇ, ಯಾರು ತಡೀತಾರೆ" ಎಂದರು ವನಜಾಕ್ಷಮ್ಮ. ಒಳಗೊಳಗೇ ಹೆದರಿದರು. ತಮ್ಮ ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರ ಜೊತೆ ಕೂತು ಊಟ ಮಾಡಿದವಳು ಸೊಸೆಯೊಬ್ಬಳೇ.

ಅಮಾವಾಸ್ಯೆ ಬಂತು. ಶಾಲೆಯ ಬಾಗಿಲು ಮುಚ್ಚಿತ್ತು. ಸಂಜೆ ಕೊಡಬೇಕಾದ ಮದುವೆ ಹೆಣ್ಣಿನ ರೇಷ್ಮೆ ಬ್ಲೌಸಿಗೆ ಇಸ್ತ್ರಿ ಹಾಕುತ್ತಿದ್ದ ಸಿಂಚನಾ, ತೋಳಿನ ಅಂಚಿಗಿಂತ ತುಸು ಮೇಲೆ ಸುಟ್ಟುಬಿಟ್ಟಳು. ವಾಸನೆಗೆ ವನಜಾಕ್ಷಮ್ಮ ಮಿಷನ್ ಬಿಟ್ಟು ಎದ್ದು ಬಂದರು. ಬ್ಲೌಸ್ ನೋಡಿ ಎದೆ ತುಂಬ ಉಸಿರೆಳೆದುಕೊಂಡರು. ಆ ಉಸಿರಿನ ಹಿಂದೆ ಏನು ಬರುತ್ತದೆಂದು ಸೊಸೆಗೆ ಗೊತ್ತಿತ್ತು. ಅವಳ ಕಣ್ಣು ಮಂಚದಡಿಯ ಸೂಟ್‌ಕೇಸಿನ ಕಡೆ ಹೋದದ್ದನ್ನು ಅತ್ತೆ ಕಂಡರು.

ಬಿಡಿ, ಎಂದಿದ್ದರು ಮೇಷ್ಟ್ರು. ವನಜಾಕ್ಷಮ್ಮ ಬಿಟ್ಟರು. ಬರೀ ಗಾಳಿ ಹೋಯಿತು. ಮತ್ತೆ ಎಳೆದುಕೊಂಡರು, ಮತ್ತೆ ಬಿಟ್ಟರು. ಸಿಟ್ಟೇನೂ ಹೋಗಿರಲಿಲ್ಲ.

"ಸುಟ್ಟಿದ್ದು ಕತ್ತರಿಸಿ ಅಂಚು ಮೇಲಕ್ಕೆ ಕೂರಿಸೋಣ. ಎರಡೂ ತೋಳು ಗಿಡ್ಡ ಆಗುತ್ತೆ, ಆಗ್ಲಿ. ಕತ್ರಿ ಕೊಡು."

ಸಿಂಚನಾ ಕದಲಲಿಲ್ಲ. "ಬೈದ್ಬಿಡಿ ಅತ್ತೆ. ಹೀಗಿದ್ರೆ ಇನ್ನೂ ಭಯ ಆಗುತ್ತೆ."

"ಇವತ್ತು ಬಾಯಿಗೂ ರಜಾ ಕಣೆ" ಎಂದರು ವನಜಾಕ್ಷಮ್ಮ. "ಹೋಗ್ಬೇಡ."

ಸಿಂಚನಾ ಕತ್ತರಿ ತಂದುಕೊಟ್ಟು, ಅಂಚು ಬಿಚ್ಚಲು ಪಕ್ಕದಲ್ಲೇ ಕೂತಳು.